ಹುದ್ದೆಯಿಲ್ಲದ ವೃತ್ತಿ: ಬೀದರ, ಭಾಲ್ಕಿ, ಔರಾದಗಳ ಕಾಲೇಜು ವಾಲಿಬಾಲ್ ತರಬೇತಿ

ಬೀದರ ನಗರದಲ್ಲಿ ಆರಂಭವಾಗುತ್ತಿರುವ ಈ ವಿಚಾರ ಸಂಕಿರಣವು ಕಾಲೇಜು ವಾಲಿಬಾಲ್ ತಂಡದ ಮುಖ್ಯ ತರಬೇತುದಾರರ ವೃತ್ತಿಜೀವನವನ್ನು ಚರ್ಚೆಗೆ ಎತ್ತಿಕೊಂಡಿದೆಯಾದರೂ, ಈ ಭಾಗದ ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಅಂಥ ಹೆಸರಿನ ಹುದ್ದೆಯೇ ಇಲ್ಲವೆಂಬ ಸಂಗತಿಯಿಂದಲೇ ಚರ್ಚೆ ಮೊದಲಾಗಬೇಕಾಗುತ್ತದೆ. ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಕಬಡ್ಡಿ, ಖೋ ಖೋ, ಅಥ್ಲೆಟಿಕ್ಸ್‌ಗಳ ಜೊತೆಗೆ ವಾಲಿಬಾಲ್ ತಂಡವನ್ನೂ ಕಟ್ಟುವ, ಕ್ರೀಡಾ ಸಾಮಗ್ರಿಯ ದಾಸ್ತಾನು ವಹಿ ಬರೆಯುವ, ಪರೀಕ್ಷೆ ಬಂದಾಗ ಕೊಠಡಿ ಮೇಲ್ವಿಚಾರಣೆಗೂ ನಿಲ್ಲುವ ಒಬ್ಬರೇ ವ್ಯಕ್ತಿಯ ಹುದ್ದೆ ಅದು. ಆದ್ದರಿಂದ ಇಲ್ಲಿ ವಾಲಿಬಾಲ್ ತರಬೇತಿಯ ವೃತ್ತಿಜೀವನವೆಂದರೆ ಇನ್ನೊಂದು ಹುದ್ದೆಯ ಒಳಗೆ, ಬೆಳಗಿನ ಮತ್ತು ಸಂಜೆಯ ಬಿಡುವಿನಲ್ಲಿ ನಡೆದುಹೋಗುವ ಜೀವನ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಹೆಡ್ ಕೋಚ್ ಎಂದರೆ ಒಂದೇ ಆಟದ ಒಂದೇ ತಂಡಕ್ಕಾಗಿ ನೇಮಕಗೊಂಡವರು. ಅವರ ಗೆಲುವು ಸೋಲುಗಳೆಲ್ಲ ಲೆಕ್ಕದಲ್ಲಿರುತ್ತವೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪುರುಷರ ತಂಡವನ್ನು 2012ರಲ್ಲಿ ನಿವೃತ್ತರಾಗುವವರೆಗೆ ಸುಮಾರು ಅರ್ಧ ಶತಮಾನ ನಡೆಸಿದ ಆಲ್ ಸ್ಕೇಟ್ಸ್ ಅವರ ಹೆಸರಿನಲ್ಲಿ 19 ರಾಷ್ಟ್ರೀಯ ಪ್ರಶಸ್ತಿಗಳಿವೆ; 1979ರಿಂದ 2021ರವರೆಗೆ ಪೆನ್ ಸ್ಟೇಟ್ ಮಹಿಳಾ ತಂಡಕ್ಕಿದ್ದ ರಸ್ ರೋಸ್ ಅವರ ಗೆಲುವುಗಳ ಸಂಖ್ಯೆ 1,330 ಎಂದು ಯಾರು ಬೇಕಾದರೂ ಹೇಳಬಲ್ಲರು. ಬೀದರ ಜಿಲ್ಲೆಯಲ್ಲಿ ಮೂವತ್ತು ವರ್ಷ ತಂಡ ಕಟ್ಟಿ ನಿವೃತ್ತರಾದವರ ಗೆಲುವುಗಳನ್ನು ಹಾಗೆ ಹೇಳಲು ಬರುವುದಿಲ್ಲ. ಸೇವಾ ಪುಸ್ತಕದಲ್ಲಿ ರಜೆ, ವೇತನ ಬಡ್ತಿಗಳಿಗೆ ಕಾಲಂ ಇದೆ, ಪಂದ್ಯಗಳಿಗಿಲ್ಲ.

ಈ ವ್ಯತ್ಯಾಸಕ್ಕೆ ಚಾರಿತ್ರಿಕ ಕಾರಣವಿದೆ. 1895ರಲ್ಲಿ ಅಮೆರಿಕದ ಹೋಲಿಯೋಕ್ ಪಟ್ಟಣದ ವೈ.ಎಂ.ಸಿ.ಎ.ಯಲ್ಲಿ ವಿಲಿಯಂ ಮಾರ್ಗನ್ ರೂಪಿಸಿದ ಈ ಆಟವನ್ನು ಭಾರತಕ್ಕೆ ತಂದುದೂ ಅದೇ ಸಂಸ್ಥೆ. 1920ರಲ್ಲಿ ಹ್ಯಾರಿ ಬಕ್ ಮದರಾಸಿನಲ್ಲಿ ಆರಂಭಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಎಲ್ಲ ಆಟಗಳನ್ನೂ ಕಲಿಸಬಲ್ಲ ಶಿಕ್ಷಕರನ್ನು ತಯಾರಿಸಿತು. ಒಂದೇ ಆಟದಲ್ಲಿ ಆಳವಾಗಿ ಪಳಗಿದ ತರಬೇತುದಾರರನ್ನು ರೂಪಿಸುವ ಕೆಲಸ ವ್ಯವಸ್ಥಿತವಾಗಿ ಮೊದಲಾದುದು 1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎನ್.ಐ.ಎಸ್., ಸ್ಥಾಪನೆಯಾದ ಮೇಲೆ. ಕಾಲೇಜಿನ ಹುದ್ದೆ ಇಂದಿಗೂ ಮೊದಲನೆಯ ಪರಂಪರೆಗೇ ಸೇರಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಈ ಹುದ್ದೆಗೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಅರ್ಹತಾ ಪರೀಕ್ಷೆ, ಆಟಗಾರರಾಗಿದ್ದುದಕ್ಕೆ ದಾಖಲೆ ಮತ್ತು ದೇಹದಾರ್ಢ್ಯ ಪರೀಕ್ಷೆಗಳನ್ನು ವಿಧಿಸುತ್ತದೆ. 30 ವರ್ಷದೊಳಗಿನ ಪುರುಷ ಅಭ್ಯರ್ಥಿ 12 ನಿಮಿಷದಲ್ಲಿ 1,800 ಮೀಟರ್ ಕ್ರಮಿಸಬೇಕು. ಓಡಬಲ್ಲವರು ಸಿಗುತ್ತಾರೆ. ಚೆಂಡೆತ್ತುವ ಹುಡುಗನ ಬೆರಳನ್ನು ತಿದ್ದಬಲ್ಲರೇ ಎಂಬುದು ನೇಮಕಾತಿಯ ಯಾವ ಹಂತದಲ್ಲಿಯೂ ಕೇಳಲ್ಪಡುವುದಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಮೊದಲು ಎದುರಾಗುವುದು ಮಣ್ಣು. ವಾಲಿಬಾಲ್ ಅಂಕಣ ಎಲ್ಲಿಯೂ 18 ಮೀಟರ್ ಉದ್ದ, 9 ಮೀಟರ್ ಅಗಲವೇ ಆದರೂ, ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿರುವ ಬೀದರ ನಗರದ ಅಂಕಣವೂ ಔರಾದ, ಭಾಲ್ಕಿ ಕಡೆಯ ಎರೆಮಣ್ಣಿನ ಅಂಕಣವೂ ಒಂದೇ ಅಲ್ಲ. ಬೀದರದ ಕೆಂಪು ನೆಲದಲ್ಲಿ ಮಳೆ ನಿಂತ ಮೇಲೆ ನೀರು ಬೇಗ ಇಂಗುತ್ತದೆ, ಆದರೆ ನೆಲ ಗಟ್ಟಿಯಾದ್ದರಿಂದ ಸ್ಮ್ಯಾಷ್ ಹೊಡೆದು ಕೆಳಗಿಳಿಯುವವರ ಮೊಣಕಾಲಿಗೆ ಪೆಟ್ಟು ಹೆಚ್ಚು. ಎರೆಮಣ್ಣು ಮಳೆಗಾಲದಲ್ಲಿ ಬೂಟಿಗೆ ಮೆತ್ತಿಕೊಂಡು ಕಾಲು ಎತ್ತಗೊಡುವುದಿಲ್ಲ, ಬೇಸಿಗೆಯಲ್ಲಿ ಬಾಯಿಬಿಟ್ಟು ಕಣಕಾಲು ಉಳುಕಿಸುತ್ತದೆ. ಹೀಗಾಗಿ ಅಲ್ಲಿ ಮೇಲ್ಮಣ್ಣು ತೆಗೆದು, ಮೊರಂ ಎಂದು ಕರೆಯುವ ಗರಸು ಹಾಸಿ, ನೀರು ಹೊಡೆದು ರೋಲರ್ ಎಳೆಸುವುದೇ ತರಬೇತಿಯ ಮೊದಲ ಪಾಠವಾಗುತ್ತದೆ. ಯಾವ ಪಠ್ಯಕ್ರಮದಲ್ಲಿಯೂ ಇದಕ್ಕೆ ಅಂಕವಿಲ್ಲ.

ಎರಡನೆಯದು ಆಟಗಾರರು ಊರಿನಿಂದ ಹೊತ್ತು ತರುವ ಆಟ. ಹಳ್ಳಿಯ ಬಯಲಿನಲ್ಲಿ ಬೆಳೆದವರಿಗೆ ಬರುವುದು ಹೊಡೆತ. ಅದರಲ್ಲೂ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಜನಪ್ರಿಯವಾಗಿರುವ, ಬಂದ ಚೆಂಡನ್ನು ನೇರವಾಗಿ ಎದುರು ಅಂಕಣಕ್ಕೆ ಅಟ್ಟುವ ಶೂಟಿಂಗ್ ಬಾಲ್ ಕೈಗೆ ಹತ್ತಿದವರು ಮೂರು ಸ್ಪರ್ಶಗಳ ಆಟಕ್ಕೆ ಒಗ್ಗಲು ಸಮಯ ಬೇಕು. ಎದುರಾಳಿಯ ಸರ್ವಿಸನ್ನು ಮುಂಗೈಗಳಲ್ಲಿ ತೆಗೆದುಕೊಳ್ಳುವುದು ಮೊದಲ ಸ್ಪರ್ಶ, ಬಲೆಯ ಬಳಿ ನಿಂತವರು ಅದನ್ನು ಬೆರಳ ತುದಿಗಳಿಂದ ಎತ್ತಿಕೊಡುವುದು ಎರಡನೆಯದು, ಹೊಡೆತ ಮೂರನೆಯದು. ಎರಡನೆಯ ಸ್ಪರ್ಶ ಮಾಡುವವರನ್ನು ಸೆಟ್ಟರ್ ಎನ್ನುತ್ತಾರೆ. ಪ್ರೇಕ್ಷಕರ ಚಪ್ಪಾಳೆಯೆಲ್ಲ ಹೊಡೆಯುವವರಿಗೆ ಹೋಗುವುದರಿಂದ ಸೆಟ್ಟರ್ ಆಗಲು ಯಾರೂ ತಾವಾಗಿ ಮುಂದೆ ಬರುವುದಿಲ್ಲ. ಎತ್ತರ ಸಾಲದ, ಆದರೆ ಕಣ್ಣು ಚುರುಕಾಗಿರುವ ಒಬ್ಬರನ್ನು ಆರಿಸಿ, ಗೋಡೆಗೆ ಚೆಂಡೆತ್ತಿಸಿ, ಹೆಬ್ಬೆರಳು ಒಳಗೆ ಮಡಿಯದಂತೆ, ಚೆಂಡು ಅಂಗೈಗೆ ತಾಗದಂತೆ ನೋಡಿಕೊಳ್ಳುತ್ತ ವರ್ಷ ಕಳೆಯಬೇಕು. ಅವರು ಪಳಗುವ ಹೊತ್ತಿಗೆ ಮೂರು ವರ್ಷದ ಪದವಿ ಮುಗಿಯಲು ಬಂದಿರುತ್ತದೆ. ಕಾಲೇಜು ತರಬೇತುದಾರರ ದುಡಿಮೆಯ ಫಲ ಬಹುಪಾಲು ಬೇರೆಯವರ ತಂಡದಲ್ಲಿ ಕಾಣಿಸಿಕೊಳ್ಳುವುದು ಹೀಗೆಯೇ.

ಇದರ ನಡುವೆ ಆಟದ ನಿಯಮವೇ ಬದಲಾದದ್ದೂ ಉಂಟು. 1990ರ ದಶಕದ ಕೊನೆಯವರೆಗೆ ಸಾಮಾನ್ಯವಾಗಿ ಸರ್ವಿಸ್ ಮಾಡುವ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು. ಅನಂತರ ಬಂದ ರ‍್ಯಾಲಿ ಪದ್ಧತಿಯಲ್ಲಿ ಪ್ರತಿ ಚೆಂಡಿಗೂ ಯಾರಿಗಾದರೂ ಅಂಕ ಸೇರುವುದರಿಂದ ಸರ್ವಿಸ್ ಬಲೆಗೆ ಬಿದ್ದರೆ ಎದುರಾಳಿಗೆ ಅಂಕ ಕೊಟ್ಟಂತಾಯಿತು. ಬೇರೆ ಬಣ್ಣದ ಅಂಗಿ ತೊಟ್ಟು ರಕ್ಷಣೆಗಷ್ಟೇ ಮೀಸಲಾದ ಲಿಬೆರೊ ಎಂಬ ಆಟಗಾರರೂ ಅದೇ ಕಾಲಕ್ಕೆ ಬಂದರು. ಹಳೆಯ ಪದ್ಧತಿಯಲ್ಲಿ ಆಡಿ ಕಲಿತವರು ನಡುವಯಸ್ಸಿನಲ್ಲಿ ತಮ್ಮ ವಿದ್ಯೆಯನ್ನೇ ಮತ್ತೆ ಕಲಿಯಬೇಕಾಯಿತು.

ದಾಖಲೆಯ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನ ವಿಶ್ವವಿದ್ಯಾಲಯ, ರಾಜ್ಯ, ರಾಷ್ಟ್ರ ಮಟ್ಟದ ಪದಕಗಳನ್ನು ಎಣಿಸುತ್ತದೆ. ಪದಕ ಎಣಿಸುವುದು ಸುಲಭ, ಆದ್ದರಿಂದ ಎಣಿಸಲಾಗುತ್ತದೆ ಎಂದರೆ ಕಟುವಾದೀತು, ಸುಳ್ಳಾಗದು. ಸೆಟ್ಟರ್ ಒಬ್ಬರನ್ನು ತಯಾರಿಸಿದ್ದು ಆ ಪಟ್ಟಿಗೆ ಬರುವುದಿಲ್ಲ.

ಮಹಿಳಾ ತಂಡಗಳ ವಿಷಯದಲ್ಲಿ ಅಡ್ಡಿ ಬಲೆಯ ಎತ್ತರದ್ದಲ್ಲ, ಹೊತ್ತಿನದು. ಪುರುಷರಿಗೆ 2.43 ಮೀಟರ್ ಇರುವ ಬಲೆ ಮಹಿಳೆಯರಿಗೆ 2.24 ಮೀಟರ್‌ಗೆ ಇಳಿಯುತ್ತದೆ, ಆದರೆ ಊರಿಗೆ ಹೋಗುವ ಸಂಜೆಯ ಬಸ್ಸು ಯಾರಿಗಾಗಿಯೂ ಕಾಯುವುದಿಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಟಿಕೆಟ್ಟಿನ ಖರ್ಚನ್ನು ಇಲ್ಲವಾಗಿಸಿತೇ ಹೊರತು ಬಸ್ಸಿನ ವೇಳೆಯನ್ನಲ್ಲ. ಆದ್ದರಿಂದ ತರಗತಿಗಳಿಗೆ ಮೊದಲಿನ ಒಂದು ಗಂಟೆಯನ್ನು ವೇಳಾಪಟ್ಟಿಯಲ್ಲಿಯೇ ಅಭ್ಯಾಸಕ್ಕೆ ಬರೆದಿಡುವ ಬಗ್ಗೆ ಪ್ರಾಚಾರ್ಯರೊಂದಿಗೆ ಮಾತಾಡಿ ಒಪ್ಪಿಸುವುದೂ ತರಬೇತುದಾರರ ಕೆಲಸವೇ ಆಗಿದೆ.

ಬೀದರ ಜಿಲ್ಲೆಯ ಕಾಲೇಜುಗಳು ದೀರ್ಘಕಾಲ 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು; ಔರಾದದ ಆಟಗಾರರು ವಿಶ್ವವಿದ್ಯಾಲಯ ತಂಡ ಸೇರಬೇಕಾದರೆ ಕಲಬುರಗಿಯವರೊಂದಿಗೂ ಸ್ಪರ್ಧಿಸಬೇಕಿತ್ತು. 2023ರಲ್ಲಿ ಬೀದರ ವಿಶ್ವವಿದ್ಯಾಲಯ ಬಂದುದರಿಂದ, ಪ್ರತ್ಯೇಕ ವಿಶ್ವವಿದ್ಯಾಲಯವೆಂದರೆ ಪ್ರತ್ಯೇಕ ತಂಡವೂ ಆದ್ದರಿಂದ, ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯ ಬಾಗಿಲು ಈ ಜಿಲ್ಲೆಯ ಆಟಗಾರರಿಗೆ ತೆರೆದುಕೊಳ್ಳುತ್ತದೆ. ಅಲ್ಲಿ ಎದುರಿಗೆ ಬರುವುದು ತಮಿಳುನಾಡು, ಕೇರಳಗಳ ಪಳಗಿದ ತಂಡಗಳು; ಕೆಲವು ದಿನಗಳ ಶಿಬಿರದಲ್ಲಿ ಕೂಡಿಸಿದ ತಂಡ ಅವರೆದುರು ನಿಲ್ಲಲಾರದು. ವಿಶ್ವವಿದ್ಯಾಲಯ ತಂಡಕ್ಕೆ ಎನ್.ಐ.ಎಸ್. ತರಬೇತಿ ಪಡೆದ ಒಬ್ಬ ಪೂರ್ಣಾವಧಿ ತರಬೇತುದಾರರ ಹುದ್ದೆಯನ್ನು ಸೃಷ್ಟಿಸಿ, ಬೀದರ, ಭಾಲ್ಕಿ, ಔರಾದಗಳ ದೈಹಿಕ ಶಿಕ್ಷಣ ನಿರ್ದೇಶಕರು ವರ್ಷವಿಡೀ ಅವರೊಡನೆ ಕೆಲಸ ಮಾಡುವಂತಾಗಬೇಕೆಂಬ ಪ್ರಸ್ತಾವವನ್ನು ಈ ಸಂಕಿರಣದ ಗೋಷ್ಠಿಗಳು ವೇತನ, ಕೆಲಸದ ಅವಧಿ, ಹೊಣೆಗಳ ಸಮೇತ ಚರ್ಚಿಸಿ ಸಿದ್ಧಪಡಿಸಬೇಕಾಗಿದೆ.