ಅಪವಾದ ಹೊತ್ತ ಎರಡು ಜೀವಿಗಳು

ಕೇಳುಗರೆ, ಹೆಸರಿಗೂ ಗುಣಕ್ಕೂ ಹೊಂದಿಕೆಯಿರಲೇಬೇಕೆಂಬ ಸೂತ್ರವನ್ನು ಯಾವ ವೈಯಾಕರಣನೂ ಬರೆದಿಲ್ಲ. ಆಸ್ಟ್ರೇಲಿಯಾದ ಪೂರ್ವದ ಕಡಲಲ್ಲಿ 'ಗ್ರೇ ನರ್ಸ್' ಎಂಬ ಶಾರ್ಕ್ ಮೀನುಂಟು. ನರ್ಸ್ ಎಂದೊಡನೆ ಆಸ್ಪತ್ರೆಯ ದಾದಿ ನೆನಪಾಗುತ್ತಾಳೆ. ಇದರ ಬಾಯಲ್ಲಾದರೋ ಹೊರಚಾಚಿದ ಮೊಳೆಗಳಂಥ ಹಲ್ಲು! ಅಲ್ಲಿಂದ ದಕ್ಷಿಣಕ್ಕೆ, ಟಾಸ್ಮೇನಿಯಾ ದ್ವೀಪದಲ್ಲಿ, ಸಣ್ಣ ನಾಯಿಯಷ್ಟಿರುವ ಒಂದು ಕರಿಯ ಪ್ರಾಣಿ. ಇರುಳಲ್ಲಿ ಅದರ ಕಿರಿಚಾಟ ಕೇಳಿದ ಬಿಳಿಯ ವಲಸೆಗಾರರು 'ಡೆವಿಲ್', ಎಂದರೆ ಪಿಶಾಚಿ, ಎಂದು ಕರೆದರು. ಶಾಸ್ತ್ರಜ್ಞರು ಇಟ್ಟ ಸಾರ್ಕೋಫಿಲಸ್ ಎಂಬ ಹೆಸರು ಎಷ್ಟೋ ಸಭ್ಯ. ನಮ್ಮ ಮಾತಿನಲ್ಲಿ 'ಮಾಂಸಪ್ರಿಯ'.

ಎರಡೂ ಕಶೇರುಕಗಳೆಂಬ ದೊಡ್ಡ ಮನೆತನದವು. ನಂಟು ಅಲ್ಲಿಗೆ ಮುಗಿಯಿತು. ಶಾರ್ಕಿನ ಮೈಯಲ್ಲಿ ಎಲುಬಿಲ್ಲ, ಮೃದ್ವಸ್ಥಿ ಮಾತ್ರ. ಡೆವಿಲ್ ಹಾಲೂಡಿಸುವ ಪ್ರಾಣಿ. ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುತ್ತದೆ.

ಆದರೆ ತಾಯ್ತನದಲ್ಲಿ ಒಂದು ವಿಚಿತ್ರ ಸಾಮ್ಯವಿದೆ. ಶಾರ್ಕಿಗೆ ಎರಡು ಗರ್ಭಕೋಶ. ಒಂದೊಂದರಲ್ಲೂ ಮೊದಲು ಬಲಿತ ಮರಿ ಒಡಹುಟ್ಟಿದವನ್ನೇ ತಿಂದು ಬೆಳೆಯುತ್ತದೆ. ಹುಟ್ಟುವಾಗ ಸುಮಾರು ಒಂದು ಮೀಟರ್ ಉದ್ದ. ಎರಡು ವರ್ಷಕ್ಕೊಮ್ಮೆ ಎರಡೇ ಮರಿ! ಡೆವಿಲ್ ಅಕ್ಕಿಕಾಳಿನಷ್ಟು ಪುಟ್ಟ ಮರಿಗಳನ್ನು ಇಪ್ಪತ್ತಕ್ಕೂ ಮೀರಿ ಹೆರುತ್ತದೆ. ಇರುವ ಮೊಲೆ ನಾಲ್ಕು. ಹಿಡಿದ ನಾಲ್ಕು ಉಳಿದಾವು, ಮಿಕ್ಕವು ಇಲ್ಲ.

ಇಂಥ ಶಾರ್ಕನ್ನು ನರಭಕ್ಷಕವೆಂದು ತಪ್ಪು ತಿಳಿದು, 1950-60ರ ದಶಕಗಳಲ್ಲಿ ಮುಳುಗುಗಾರರು ಶೌರ್ಯಕ್ಕಾಗಿ ಕೊಂದರು. ನ್ಯೂ ಸೌತ್ ವೇಲ್ಸ್ ಸರ್ಕಾರ 1984ರಲ್ಲಿ ರಕ್ಷಣೆ ಕೊಟ್ಟಿತು. ಆದರೂ ಬೇರೆ ಮೀನಿಗೆಂದು ಬಿಟ್ಟ ಗಾಳ ಇದರ ಗಂಟಲಿಗೂ ಸಿಕ್ಕುತ್ತದೆ. ಎರಡೇ ಮರಿ ಹಾಕುವ ವಂಶ ಆ ನಷ್ಟವನ್ನು ಬೇಗ ತುಂಬಿಕೊಳ್ಳುವುದಾದರೂ ಹೇಗೆ?

ಡೆವಿಲ್‌ಗೆ 1941ರಲ್ಲೇ ಕಾನೂನಿನ ಕಾವಲು ದೊರಕಿತು. ಅದರ ಶತ್ರುವೇ ಬೇರೆ. 1996ರಲ್ಲಿ ಕೆಲವು ಡೆವಿಲ್‌ಗಳ ಮುಖದಲ್ಲಿ ಗಡ್ಡೆ ಕಂಡಿತು: ಕಚ್ಚಾಟದಿಂದ ಒಂದರಿಂದೊಂದಕ್ಕೆ ಹರಡುವ ಕ್ಯಾನ್ಸರ್. ಮನುಷ್ಯರ ಕ್ಯಾನ್ಸರ್ ಹೀಗೆ ಅಂಟುವುದಿಲ್ಲ, ಹೆದರಬೇಡಿ. ಬಾಯಿ ಹುಣ್ಣಾಗಿ, ತಿನ್ನಲಾರದೆ ಸಾಯುತ್ತವೆ. ರೋಗವಿಲ್ಲದ ಹಿಂಡೊಂದು ಉಳಿಯಲೆಂದು 2012ರಲ್ಲಿ ಕೆಲವನ್ನು ಮರಾಯಾ ದ್ವೀಪಕ್ಕೆ ಸಾಗಿಸಿದರು. ಅವು ಚೆನ್ನಾಗಿಯೇ ಬೆಳೆದವು. ಆಗ ಅಲ್ಲಿ 3,000 ಜೋಡಿ ಪುಟ್ಟ ಪೆಂಗ್ವಿನ್‌ಗಳು ಗೂಡು ಕಟ್ಟುತ್ತಿದ್ದವು. 2021ರ ಹೊತ್ತಿಗೆ ಒಂದೂ ಉಳಿದಿಲ್ಲವೆಂಬ ಸುದ್ದಿ ಬಂತು. ಮಾಂಸಪ್ರಿಯನೆಂಬ ಹೆಸರನ್ನು ಸಾಗಿಸಿದವರು ಮರೆತಿದ್ದರೋ, ತಿಳಿದೂ ಒಂದನ್ನು ಉಳಿಸಲು ಇನ್ನೊಂದನ್ನು ಪಣಕ್ಕಿಟ್ಟರೋ, ನೀವೇ ಯೋಚಿಸಿ.