ಹಳೆಯ ಪ್ರಾರ್ಥನೆಯಲ್ಲಿ ಹೊಸ ಕವಿ



1927ರ ಜೂನ್ 29ರಂದು ಇಂಗ್ಲೆಂಡಿನ ಫಿನ್‌ಸ್ಟಾಕ್ ಎಂಬ ಹಳ್ಳಿಯ ಚರ್ಚಿನಲ್ಲಿ ಬಾಗಿಲು ಹಾಕಿಕೊಂಡು ಒಂದು ದೀಕ್ಷಾಸ್ನಾನ ನಡೆಯಿತು. ದೀಕ್ಷೆ ಪಡೆದದ್ದು ಮಗುವಲ್ಲ. 38 ವರ್ಷದ ಟಿ. ಎಸ್. ಎಲಿಯಟ್. ಐದು ವರ್ಷಗಳ ಹಿಂದೆ ‘ದಿ ವೇಸ್ಟ್ ಲ್ಯಾಂಡ್’ ಬರೆದು ಇಂಗ್ಲಿಷ್ ಕಾವ್ಯದ ದಿಕ್ಕನ್ನೇ ಬದಲಿಸಿದ್ದ ಕವಿ. ಸುದ್ದಿ ತಿಳಿದ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್, ಅವನು ಇನ್ನು ನಮ್ಮ ಪಾಲಿಗೆ ಸತ್ತಂತೆಯೇ ಎಂಬರ್ಥದಲ್ಲಿ ತನ್ನ ಅಕ್ಕನಿಗೆ ಪತ್ರ ಬರೆದಳು.

ಅಷ್ಟು ಓದಿಕೊಂಡವನು ಅಲ್ಲಿಗೇಕೆ ಹೋದ ಎಂದು ನೀವೂ ಕೇಳಬಹುದು. ಎಲಿಯಟ್ ಹುಟ್ಟಿದ್ದು ಅಮೆರಿಕದ ಸೇಂಟ್ ಲೂಯಿಸ್ ನಗರದ ಯೂನಿಟೇರಿಯನ್ ಮನೆತನದಲ್ಲಿ. ಆ ಮನೆಯಲ್ಲಿ ಧರ್ಮವೆಂದರೆ ಮುಖ್ಯವಾಗಿ ಸದ್ವರ್ತನೆ, ಸಮಾಜಸೇವೆ. ಹಾರ್ವರ್ಡ್‌ನಲ್ಲಿ ಅವನು ಸಂಸ್ಕೃತ ಕಲಿತ, ಪತಂಜಲಿಯನ್ನು ಓದಿದ. ‘ದಿ ವೇಸ್ಟ್ ಲ್ಯಾಂಡ್’ ಮುಗಿಯುವುದೇ ಉಪನಿಷತ್ತಿನ ಶಾಂತಿಮಂತ್ರದ ಪದದಿಂದ. ಆದರೆ ಆ ದಾರಿಯ ಕೊನೆ ಮುಟ್ಟಬೇಕಾದರೆ ಅಮೆರಿಕನ್ನನಾಗಿ, ಯುರೋಪಿನವನಾಗಿ ಯೋಚಿಸುವುದನ್ನೇ ಮರೆಯಬೇಕಾಗುತ್ತಿತ್ತು ಎಂದು ಮುಂದೊಮ್ಮೆ ಹೇಳಿಕೊಂಡ.

ಅವನಿಗೆ ನೆಲೆ ಸಿಕ್ಕಿದ್ದು ಆಂಗ್ಲಿಕನ್ ಚರ್ಚಿನ ಹಳೆಯ ಪೂಜಾವಿಧಿಯಲ್ಲಿ. ಇದರ ಬೇರು ‘ಬುಕ್ ಆಫ್ ಕಾಮನ್ ಪ್ರೇಯರ್’. 1549ರಲ್ಲಿ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ರೂಪಿಸಿದ ಪುಸ್ತಕ. ಸನ್ಯಾಸಿಗಳು ದಿನಕ್ಕೆ ಹಲವು ಸಲ ಲ್ಯಾಟಿನ್ನಿನಲ್ಲಿ ಹೇಳುತ್ತಿದ್ದ ಪ್ರಾರ್ಥನೆಗಳನ್ನು ಅವನು ಜನರ ಇಂಗ್ಲಿಷಿಗೆ ತಂದು, ಬೆಳಗ್ಗೆ ಒಂದು, ಸಂಜೆ ಒಂದು ಎಂದು ಎರಡಕ್ಕೆ ಇಳಿಸಿದ. ಬೈಬಲ್ಲಿನ 150 ಕೀರ್ತನೆಗಳನ್ನು ತಿಂಗಳ 30 ದಿನಗಳಿಗೆ ಹಂಚಿದ್ದಾರೆ. ನಿಮ್ಮ ಮನಸ್ಸು ಹೇಗೇ ಇರಲಿ, 15ನೆಯ ತಾರೀಖಿನ ಸಂಜೆ 78ನೆಯ ಕೀರ್ತನೆಯೇ. ಎಪ್ಪತ್ತಕ್ಕೂ ಹೆಚ್ಚು ವಚನಗಳು! ಪ್ರತಿ ಸಂಜೆ ಬರುವ ಇನ್ನೊಂದು ಹಾಡು ಮುದುಕ ಸಿಮೆಯೋನನದು. ದೀಕ್ಷೆಯ ಮರುವರ್ಷವೇ ಎಲಿಯಟ್ ಆ ಮುದುಕನ ಮೇಲೆ ಒಂದು ಕವಿತೆ ಬರೆದ.

ಹೇಳಿದ್ದನ್ನೇ ಹೇಳುವುದರಲ್ಲಿ ಏನಿದೆ? ವಿಜ್ಞಾನ ಓದಿದ ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ದಿನವೂ ಹೊಸ ಮಾತು ಹುಡುಕುವುದೇ ಕಸುಬಾದವನ ಪಾಡನ್ನು ಊಹಿಸಿಕೊಳ್ಳಿ. ಇಲ್ಲಿ ಅವನು ಜಾಣನಾಗಬೇಕಿಲ್ಲ. ನೂರಾರು ವರ್ಷ ಜನರ ಬಾಯಲ್ಲಿ ಸವೆದು ನಯವಾದ ಮಾತು ಅಲ್ಲಿ ಸಿದ್ಧವಾಗಿದೆ. ಗುರುತಿಲ್ಲದವರ ಪಕ್ಕದಲ್ಲಿ ಮಂಡಿಯೂರಿ ಅದನ್ನು ಹೇಳಿದರಾಯಿತು. ನಂಬಿಕೆ ಮಂಕಾದ ದಿನವೂ ಮಾತು ಕೈಬಿಡುವುದಿಲ್ಲ. ಇದರಿಂದ ಬದುಕೇನೂ ಸುಗಮವಾಗಲಿಲ್ಲ ಅನ್ನಿ. 1933ರಲ್ಲಿ ಹೆಂಡತಿಯಿಂದ ದೂರವಾದ. ಆದರೂ ಲಂಡನ್ನಿನ ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲಿ 1934ರಿಂದ 25 ವರ್ಷ ವಾರ್ಡನ್ ಆಗಿ ಸೇವೆ ಸಲ್ಲಿಸಿದ.

ಈ ಕಥೆಗೆ ನಮ್ಮ ಕಡೆಯ ಕೊಂಡಿಯೊಂದಿದೆ. ದಕ್ಷಿಣ ಭಾರತದಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಒಂದೇ ಚರ್ಚಾಗಲು ಹೊರಟಿದ್ದರು. ಹೀಗೆ ಕೂಡಿದರೆ ಚರ್ಚಿನ ಮೂಲಕ್ಕೇ ಪೆಟ್ಟು ಎಂದು 1943ರಲ್ಲಿ ಎಲಿಯಟ್ ಒಂದು ಕಿರುಹೊತ್ತಗೆಯನ್ನೇ ಬರೆದ. ತಡವಾಗಿ ಮನೆ ಸಿಕ್ಕವನಿಗೆ ಒಂದು ಕಲ್ಲು ಅಲುಗಿದರೂ ದಿಗಿಲು. ಆ ದಿಗಿಲು ನನಗೆ ಅರ್ಥವಾಗುತ್ತದೆ, ವಾದ ಒಪ್ಪಿಗೆಯಾಗುವುದಿಲ್ಲ; ಇಲ್ಲಿನವರಿಗೂ ತಮಗೆ ಹೊಂದುವ ಮನೆ ಬೇಡವೆ? 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್ ಕೆಥೀಡ್ರಲ್, ಒಂದು ಕಾಲಕ್ಕೆ ದಂಡಿನ ಆಂಗ್ಲಿಕನ್ನರದು, ಈಗ ಆ ಕೂಡುಕುಟುಂಬಕ್ಕೆ ಸೇರಿದೆ. ಆ ಕಡೆ ಹೋದಾಗ ಒಮ್ಮೆ ಒಳಗೆ ಹೋಗಿ ಕುಳಿತು ಬನ್ನಿ.