ವಿದ್ಯುತ್ ಗಿಟಾರಿನಲ್ಲಿ ಮರದ ಪಾಲೆಷ್ಟು?
1940ರ ಸುಮಾರಿಗೆ ಅಮೆರಿಕದ ವಾದಕ ಲೆಸ್ ಪಾಲ್ ಅವರು 4 ಅಂಗುಲ ದಪ್ಪದ ಪೈನ್ ಮರದ ತುಂಡಿಗೆ ತಂತಿ ಬಿಗಿದು ಗಿಟಾರ್ ಮಾಡಿದರು. ಸಭಿಕರು ಮೆಚ್ಚಲಿಲ್ಲ. ಹಳೆಯ ಗಿಟಾರೊಂದನ್ನು ಸೀಳಿ, ಎರಡೂ ಹೋಳುಗಳನ್ನು ಅದರ ಅಕ್ಕಪಕ್ಕ ಕೂರಿಸಿದ ಮೇಲೆ ಅದೇ ವಾದ್ಯ ಹಿಡಿಸಿತಂತೆ!

ನೋಡಿ, ವಿದ್ಯುತ್ ಗಿಟಾರಿನಲ್ಲಿ ದನಿ ಹಿಡಿಯುವುದು ಪಿಕಪ್ ಎಂಬ ಅಯಸ್ಕಾಂತದ ಸುರುಳಿ. ಅದಕ್ಕೆ ಬೇಕಾದದ್ದು ಉಕ್ಕಿನ ತಂತಿಯ ಕಂಪನ. ಮರದ ಪಾತ್ರ ಪರೋಕ್ಷ. ಆ ಕಂಪನವನ್ನು ಅದು ಅಷ್ಟಿಷ್ಟು ಹೀರಿಕೊಳ್ಳುತ್ತದೆ. ಮಹಾಗನಿಯ ದನಿ ತುಂಬು, ಮೇಪಲ್‌ನದು ಚುರುಕು ಎನ್ನುವ ವಾದಕರುಂಟು. ವ್ಯತ್ಯಾಸ ಕಿವಿಗೆ ಎಷ್ಟು ತಿಳಿಯುತ್ತದೆಂಬ ಜಗಳ ಮುಗಿದಿಲ್ಲ.

ಕಣ್ಣಿನ ವಿಷಯದಲ್ಲಿ ಜಗಳವಿಲ್ಲ. 1952ರಲ್ಲಿ ಗಿಬ್ಸನ್ ಕಂಪನಿಯು ಲೆಸ್ ಪಾಲ್ ಹೆಸರಿನ ಗಿಟಾರಿಗೆ ಮಹಾಗನಿಯ ಮೇಲೆ ಮೇಪಲ್ ಹೊದಿಸಿ, ಬಂಗಾರದ ಬಣ್ಣ ಬಳಿದು ಮರವನ್ನೇ ಮುಚ್ಚಿತ್ತು. 1958ರಲ್ಲಿ ಪಾರದರ್ಶಕ ಬಣ್ಣ ಬಂದಾಗ ಕೆಲವು ವಾದ್ಯಗಳಲ್ಲಿ ಹುಲಿಪಟ್ಟೆಯಂಥ ಎಳೆಗಳು ಹೊಳೆದವು. ಈಗ ಸಂಗ್ರಾಹಕರು ಬೆಲೆ ಕಟ್ಟುವಾಗ ಆ ಪಟ್ಟೆಗಳನ್ನೂ ನೋಡುತ್ತಾರೆ.